ಗೃಹಪ್ರವೇಶಕ್ಕೆ ಗಡಿಯಾರ ಕೊಟ್ಟು ಸಿಕ್ಕಿಹಾಕಿಕೊಂಡೆ: ಚೀನೀಯರ ಅದೃಷ್ಟದ ಲೆಕ್ಕ ಯಾರಿಗಾದರೂ ಗೊತ್ತಾ?

ಗುವಾಂಗ್‌ಝೌ ಗೌಡ · ಜನವರಿ 12, ರಾತ್ರಿ 9:40

ಕೆಲಸದ ಮೇಲೆ ಗುವಾಂಗ್‌ಝೌಗೆ ಬಂದು ಏಳು ತಿಂಗಳಾಯಿತು. ನಿನ್ನೆ ಒಂದು ಎಡವಟ್ಟು ಮಾಡಿಕೊಂಡೆ. ಮನಸ್ಸಿಗೆ ಕಿರಿಕಿರಿ, ಅದಕ್ಕೇ ಬರೆಯುತ್ತಿದ್ದೇನೆ.

ಆಫೀಸಿನ ಗೆಳೆಯ ಹೊಸ ಫ್ಲ್ಯಾಟ್‌ಗೆ ಹೋಗಿದ್ದಾನೆ, ಊಟಕ್ಕೆ ಕರೆದ. ಬರಿಗೈಯಲ್ಲಿ ಹೋಗೋದು ಹೇಗೆ ಅಂತ ಒಂದು ಚೆಂದದ ಗೋಡೆ ಗಡಿಯಾರ ಹಿಡಿದುಕೊಂಡು ಹೋದೆ. ನಮ್ಮ ಕಡೆ ಗೃಹಪ್ರವೇಶ ಅಂದರೆ ಗಡಿಯಾರ, ಇಲ್ಲಾ ಸ್ಟೀಲ್ ಪಾತ್ರೆ, ಇಲ್ಲಾ ದೇವರ ಫೋಟೋ. ನಮ್ಮ ಮನೆಗೇ ಆರು ಗಡಿಯಾರ ಬಂದಿದ್ದವು. ಎರಡು ಇನ್ನೂ ಅಟ್ಟದ ಮೇಲೆ ಡಬ್ಬದಲ್ಲೇ ಇವೆ.

ಇಲ್ಲಿ ಉಡುಗೊರೆಯನ್ನು ಕೊಟ್ಟವರ ಎದುರು ಬಿಚ್ಚುವುದಿಲ್ಲ. ಆದರೆ ಡಬ್ಬದ ಮೇಲೆ ಗಡಿಯಾರದ ಚಿತ್ರ ದೊಡ್ಡದಾಗಿತ್ತಲ್ಲ. ಗೆಳೆಯನ ಅಜ್ಜಿ ನೋಡಿದರು. ನಗುತ್ತಿದ್ದ ಮುಖ ಹಾಗೇ ನಿಂತುಹೋಯಿತು. ಎರಡು ಹೆಜ್ಜೆ ಹಿಂದೆ ಸರಿದರು. ಗೆಳೆಯ ಜೋರಾಗಿ ನಕ್ಕು, ಒಳಗೆ ಓಡಿ ಹೋಗಿ, ಒಂದು ಯುವಾನ್ ನಾಣ್ಯ ತಂದು ನನ್ನ ಕೈಯಲ್ಲಿ ಇಟ್ಟು ಬೆರಳು ಮಡಚಿದ. "ಇದನ್ನು ನೀನು ಕೊಟ್ಟಿಲ್ಲ, ನಾನು ಕೊಂಡುಕೊಂಡೆ" ಅಂತ ಅಜ್ಜಿಗೆ ಕೇಳುವ ಹಾಗೆ ಹೇಳಿದ. ಅಜ್ಜಿ ಡಬ್ಬ ಮುಟ್ಟಿದ್ದು ಆಮೇಲೆ.

ಇನ್ನೊಂದು ವಿಷಯ. ಬಾಗಿಲಿಗೆ ಕೆಂಪು ಕಾಗದದಲ್ಲಿ ಒಂದು ಅಕ್ಷರ ತಲೆಕೆಳಗಾಗಿ ಅಂಟಿಸಿದ್ದರು. ಹೇಳೋಣ ಅಂತ ಬಾಯಿವರೆಗೆ ಬಂದಿತ್ತು. ಗಡಿಯಾರದ ಕಥೆ ಆದಮೇಲೆ ಸುಮ್ಮನಾದೆ. ಲಿಫ್ಟ್‌ನಲ್ಲಿ 3 ಆದಮೇಲೆ 5 ಇತ್ತು. ಈ ಜನರ ಅದೃಷ್ಟದ ಲೆಕ್ಕ ಏನು? ಯಾರಾದರೂ ತಿಳಿಸಿ.

ಹನ್‌ಜಿ ಹುಡುಗಿ · ಜನವರಿ 12, ರಾತ್ರಿ 10:15

ಅಯ್ಯೋ, ಗಡಿಯಾರ! ನಾನು ಬೀಜಿಂಗ್‌ನಲ್ಲಿ ಭಾಷೆ ಕಲಿಯುತ್ತಿದ್ದೇನೆ. ಮೊದಲ ತಿಂಗಳಲ್ಲೇ ಮೇಷ್ಟ್ರು ಹೇಳಿಕೊಟ್ಟ ಎಚ್ಚರಿಕೆ ಅದು.

'ಸೊಂಗ್ ಝೊಂಗ್' ಅಂದರೆ ಗಡಿಯಾರ ಕೊಡುವುದು. ಇನ್ನೊಂದು ಅಕ್ಷರದಲ್ಲಿ ಬರೆದರೆ ಅದೇ 'ಸೊಂಗ್ ಝೊಂಗ್' ಅಂದರೆ ಸಾಯುವವರ ಹಾಸಿಗೆ ಪಕ್ಕ ಕೂತು ಕಳಿಸಿಕೊಡುವುದು. ಸ್ವರ (ಶಬ್ದ ಹೇಳುವಾಗಿನ ಏರಿಳಿತ) ಕೂಡ ಒಂದೇ. ನೀವು ವಯಸ್ಸಾದ ಅಜ್ಜಿ ಎದುರು ನಿಂತು ಅದನ್ನು ಕೊಟ್ಟಿರಿ. ಅವರು ಎರಡೇ ಹೆಜ್ಜೆ ಹಿಂದೆ ಹೋಗಿದ್ದು ದೊಡ್ಡತನ. ನಾಣ್ಯ ಕೊಟ್ಟರೆ ಅದು ವ್ಯಾಪಾರ ಆಯಿತು, ಉಡುಗೊರೆ ಅಲ್ಲ. ಗೆಳೆಯ ಜಾಣ.

ತಲೆಕೆಳಗಾದ ಅಕ್ಷರ 'ಫು', ಅಂದರೆ ಭಾಗ್ಯ. ತಲೆಕೆಳಗು ಅನ್ನುವುದಕ್ಕೆ 'ದಾವ್'. ಬಂತು ಅನ್ನುವುದಕ್ಕೂ 'ದಾವ್'. ಪಕ್ಕದ ಮನೆ ಮಗು ನೋಡಿ "ನಿಮ್ಮ ಫು ದಾವ್ ಆಗಿದೆ" ಅಂದರೆ "ನಿಮ್ಮ ಮನೆಗೆ ಭಾಗ್ಯ ಬಂತು" ಅಂದ ಹಾಗೆ. ನೀವು ಬಾಯಿ ಬಿಟ್ಟು ಹೇಳಿದ್ದರೆ ಅವರಿಗೆ ಖುಷಿಯೇ ಆಗುತ್ತಿತ್ತು. ಅಲ್ಲಿ ಸುಮ್ಮನಿದ್ದಿರಿ, ಗಡಿಯಾರದ ಹತ್ತಿರ ಸುಮ್ಮನಿರಲಿಲ್ಲ!

4 ಅಂದರೆ 'ಸಿ'. ಸಾವು ಅಂದರೂ 'ಸಿ'. ಸ್ವರ ಮಾತ್ರ ಬೇರೆ.

ನನಗೆ ಅರ್ಥ ಆಗಿದ್ದು ಇಷ್ಟು. ಇಲ್ಲಿನ ಅದೃಷ್ಟ ಕಿವಿಯಲ್ಲಿದೆ. ಚಿತ್ರ ನೋಡಿ ತಲೆ ಕೆಡಿಸಿಕೊಳ್ಳಬೇಡಿ, ಅದರ ಹೆಸರನ್ನು ಬಾಯಿಬಿಟ್ಟು ಹೇಳಿ. ಮ್ಯಾಂಡರಿನ್‌ನಲ್ಲಿ, ಅಂದರೆ ಚೀನಾದ ಅಧಿಕೃತ ಮಾತಿನಲ್ಲಿ, ಸ್ವರ ಬಿಟ್ಟರೆ ಇರುವುದು ಸುಮಾರು 400 ಉಚ್ಚಾರಗಳು. ಸ್ವರ ಸೇರಿಸಿದರೂ ಸುಮಾರು 1,300. ಅಕ್ಷರಗಳು ಸಾವಿರಾರು. ಹಾಗಾಗಿ ಒಂದು ಮಾತಾಡಿದರೆ ಪಕ್ಕದಲ್ಲಿ ಇನ್ನೊಂದು ಮಾತು ನಿಂತೇ ಇರುತ್ತದೆ, ಒಳ್ಳೆಯದೋ ಕೆಟ್ಟದ್ದೋ.

ಅನುಮಾನಪ್ಪ · ಜನವರಿ 12, ರಾತ್ರಿ 10:32

ಅಂದರೆ ಇಡೀ ದೇಶದ ಅದೃಷ್ಟ ಶಬ್ದದಾಟದ ಮೇಲೆ ನಿಂತಿದೆ ಅಂತೀರಾ? ಡ್ರ್ಯಾಗನ್, ಕೆಂಪು ಬಣ್ಣ, ಆಮೆ ಇವೆಲ್ಲ ಏನು ಹಾಗಾದರೆ?

ಇತಿಹಾಸದ ಹುಚ್ಚ · ಜನವರಿ 13, ಬೆಳಗ್ಗೆ 7:05

ಅನುಮಾನಪ್ಪನವರೇ, ಎಲ್ಲವೂ ಶಬ್ದದ ಮೇಲೆ ಅಲ್ಲ. ಕೆಂಪಿಗೆ ದೆವ್ವ ಹೆದರುತ್ತದೆ ಅನ್ನುವ ನಂಬಿಕೆ ಹಳೆಯದು. 'ನಿಯೆನ್' ಅನ್ನುವ ಮೃಗ ವರ್ಷದ ಕೊನೆಗೆ ಊರಿಗೆ ನುಗ್ಗುತ್ತಿತ್ತು, ಕೆಂಪು ಬಟ್ಟೆ ಮತ್ತು ಪಟಾಕಿ ಸದ್ದಿಗೆ ಓಡಿಹೋಯಿತು ಅಂತ ಕಥೆ. ಪೀಚ್ ಹಣ್ಣು ಪಶ್ಚಿಮದ ರಾಣಿಮಾತೆಯ ತೋಟದ್ದು, ತಿಂದವರು ಚಿರಂಜೀವಿ. ಕೊಕ್ಕರೆ ದೀರ್ಘಾಯುಸ್ಸಿಗೆ. ದಾಳಿಂಬೆಯಲ್ಲಿ ಬೀಜ ಜಾಸ್ತಿ, ಹಾಗಾಗಿ ಮಕ್ಕಳು ಜಾಸ್ತಿ. ಆಮೆ ಸ್ವಲ್ಪ ಡೇಂಜರ್. ಆಯುಸ್ಸಿನ ಗುರುತು ಹೌದು, ಆದರೆ ಯಾರನ್ನಾದರೂ ಆಮೆ ಅಂತ ಕರೆದರೆ ಹೊಡೆದಾಟ ಆಗುತ್ತದೆ.

ಆದರೆ ಬಾವಲಿ ನೋಡಿ. ನಮ್ಮಲ್ಲಿ ಬಾವಲಿ ಮನೆಯೊಳಗೆ ಬಂದರೆ ಶಾಂತಿ ಮಾಡಿಸೋಣ ಅಂತಾರೆ. ಚೀನಾದಲ್ಲಿ ರೇಷ್ಮೆ, ಪಿಂಗಾಣಿ, ಕಿಟಕಿ ಕಂಬಿ, ಕುರ್ಚಿಯ ಬೆನ್ನು, ಎಲ್ಲಿ ನೋಡಿದರೂ ಬಾವಲಿ. ಅದೊಂದು ಚೆಲುವಾದ ಪ್ರಾಣಿ ಅಂತ ಅಲ್ಲ. ಅದರ ಹೆಸರಿನ ಎರಡನೇ ಅಕ್ಷರ 'ಫು', ಅಷ್ಟೇ. ಭಾಗ್ಯದ ಅದೇ 'ಫು'. ಐದು ಬಾವಲಿ ಸುತ್ತ ಹಾರುತ್ತಿದ್ದರೆ 'ವೂ ಫು', ಪಂಚಭಾಗ್ಯ. ಆಯುಸ್ಸು, ಐಶ್ವರ್ಯ, ಆರೋಗ್ಯ-ನೆಮ್ಮದಿ, ಒಳ್ಳೆಯ ನಡತೆಯ ಮೇಲಿನ ಪ್ರೀತಿ, ಮತ್ತು ವಯಸ್ಸು ತುಂಬಿ ಬರುವ ಸುಖದ ಸಾವು. ಈ ಐದು 'ಶೂಜಿಂಗ್' ಅನ್ನುವ ಬಹಳ ಹಳೆಯ ಗ್ರಂಥದಲ್ಲೇ ಬರುತ್ತವೆ. ಕೊನೆಯದನ್ನು ಗಮನಿಸಿ, ಅನಾಯಾಸ ಮರಣ! ನಮ್ಮ ಅಜ್ಜಂದಿರೂ ಅದನ್ನೇ ಕೇಳುತ್ತಿದ್ದರು. ಬಾವಲಿ ಕೆಂಪಾಗಿದ್ದರೆ ಇನ್ನೂ ಒಳ್ಳೆಯದು. ಕೆಂಪು ಅಂದರೆ 'ಹೊಂಗ್', ಅಪಾರ ಅಂದರೂ 'ಹೊಂಗ್'.

ಬೀಜಿಂಗ್‌ನಲ್ಲಿ 'ಗೊಂಗ್ ರಾಜಕುಮಾರನ ಅರಮನೆ' ಅಂತ ಒಂದಿದೆ. ಮೊದಲು ಅದು ಹೆಶೆನ್ ಅನ್ನುವ ಮಂತ್ರಿಯದು. ಕಿಯಾನ್‌ಲಾಂಗ್ ಚಕ್ರವರ್ತಿಯ ಬಲಗೈ, ಲಂಚ ತಿನ್ನುವುದರಲ್ಲಿ ಹೆಸರುವಾಸಿ. ಅಲ್ಲಿನ ಕೊಳವೇ ಬಾವಲಿ ಆಕಾರದಲ್ಲಿದೆ. ಅರಮನೆಯಲ್ಲಿ 9,999 ಬಾವಲಿ ಕೆತ್ತಿದ್ದಾರೆ ಅಂತ ಗೈಡ್‌ಗಳು ಹೇಳುತ್ತಾರೆ. ನಾನು ನಲವತ್ತು ಎಣಿಸಿ ಬಿಟ್ಟೆ. ತೋಟದ ಗುಡ್ಡದ ಕೆಳಗೆ ಗುಹೆಯಲ್ಲಿ ಕಾಂಗ್‌ಶಿ ಚಕ್ರವರ್ತಿ ತನ್ನ ಅಜ್ಜಿಗಾಗಿ ಬರೆದ 'ಫು' ಕಲ್ಲಿನ ಮೇಲಿದೆ. ಅದನ್ನು ನೋಡಲು ಜನ ಉದ್ದ ಸಾಲು ನಿಲ್ಲುತ್ತಾರೆ. ಇಷ್ಟೆಲ್ಲ ಭಾಗ್ಯ ಕೂಡಿಟ್ಟ ಹೆಶೆನ್ ಗತಿ ಏನಾಯಿತು ಗೊತ್ತಾ? 1799ರಲ್ಲಿ ಕಿಯಾನ್‌ಲಾಂಗ್ ತೀರಿಕೊಂಡ ಕೆಲವೇ ದಿನಗಳಲ್ಲಿ ಹೊಸ ಚಕ್ರವರ್ತಿ ಆಸ್ತಿ ಜಪ್ತಿ ಮಾಡಿ, ನೇಣು ಹಾಕಿಕೊಳ್ಳಲು ರೇಷ್ಮೆ ಹಗ್ಗ ಕಳಿಸಿದ.

ಅನುಮಾನಪ್ಪ · ಜನವರಿ 13, ಬೆಳಗ್ಗೆ 8:20

9,999 ಬಾವಲಿಯೂ ಕೈ ಕೊಟ್ಟವು ಅನ್ನಿ.

ಅಡಿಕೆ ತೋಟ · ಜನವರಿ 13, ಬೆಳಗ್ಗೆ 8:41

ನಮ್ಮ ತೋಟದಲ್ಲಿ ಬಾವಲಿ ಪಂಚಭಾಗ್ಯ ತರಲಿಲ್ಲ, ಸಪೋಟ ಎಲ್ಲ ತಿಂದು ಹೋದವು. ಚೀನಾಗೆ ಕಳಿಸೋಣವಾ?

ಹನ್‌ಜಿ ಹುಡುಗಿ · ಜನವರಿ 13, ಬೆಳಗ್ಗೆ 10:02

ಬಾವಲಿ ಥರದ್ದು ಇನ್ನೂ ಇವೆ. ಮೀನು 'ಯೂ', ಮಿಕ್ಕಿದ್ದು ಅಂದರೂ 'ಯೂ'. ಹೊಸ ವರ್ಷದ ಹಿಂದಿನ ರಾತ್ರಿ ಊಟಕ್ಕೆ ಇಡೀ ಮೀನು ಬೇಕೇ ಬೇಕು, ಮತ್ತು ಅದನ್ನು ಪೂರ್ತಿ ಖಾಲಿ ಮಾಡಬಾರದು. ಸ್ವಲ್ಪ ಉಳಿಯಬೇಕು. ಉಳಿದರೆ ವರ್ಷವಿಡೀ ಮನೆಯಲ್ಲಿ ಉಳಿತಾಯ. ಮೀನು ಸಿಗದ ಒಳನಾಡಿನ ಬಡವರು ಮರದಲ್ಲಿ ಮೀನು ಕೆತ್ತಿಸಿ, ತಟ್ಟೆಯಲ್ಲಿಟ್ಟು ಮೇಲೆ ಗೊಜ್ಜು ಸುರಿಯುತ್ತಿದ್ದರಂತೆ. ಯಾರೂ ತಿನ್ನಲ್ಲ, ಹಾಗಾಗಿ ಗ್ಯಾರಂಟಿ ಉಳಿಯುತ್ತದೆ!

ಜಿಂಕೆ 'ಲೂ', ಸರ್ಕಾರಿ ಸಂಬಳಕ್ಕೂ 'ಲೂ'. ಹೂದಾನಿ 'ಪಿಂಗ್', ನೆಮ್ಮದಿಗೂ 'ಪಿಂಗ್'. ಮದುವೆ ಹಾಸಿಗೆ ಮೇಲೆ ನಾಲ್ಕು ಥರದ ಕಾಯಿ-ಬೀಜ ಚೆಲ್ಲುತ್ತಾರೆ. ಕೆಂಪು ಖರ್ಜೂರದಂಥ ಬೋರೆ, ಕಡಲೆಕಾಯಿ, ಲಾಂಗನ್ ಹಣ್ಣು, ತಾವರೆ ಬೀಜ. ಒಂದೊಂದರ ಹೆಸರಿನಿಂದ ಒಂದು ಶಬ್ದ ತೆಗೆದು ಸಾಲಾಗಿ ಹೇಳಿದರೆ 'ಝಾವ್ ಶೆಂಗ್ ಗುಯ್ ಝಿ', ಬೇಗ ಒಳ್ಳೆಯ ಮಗ ಹುಟ್ಟಲಿ ಅಂತ. ಗೆಳತಿಯ ಮದುವೆಯಲ್ಲಿ ನೋಡಿದೆ. ರಾತ್ರಿ ಆ ಕಡಲೆಕಾಯಿ ಮೇಲೆ ಮಲಗೋದು ಹೇಗೆ ಅಂತ ಕೇಳಿದೆ. ಮಕ್ಕಳು ಬಂದು ಬಾಚಿಕೊಂಡು ಹೋಗುತ್ತಾರಂತೆ.

ಚಿಕ್ಕಪೇಟೆ ಗಿಫ್ಟ್ · ಜನವರಿ 13, ಮಧ್ಯಾಹ್ನ 1:30

ನಾನು ಬೆಂಗಳೂರಿನಲ್ಲಿ ಗಿಫ್ಟ್ ಅಂಗಡಿ ಇಟ್ಟುಕೊಂಡು 19 ವರ್ಷ ಆಯಿತು. ಫೆಂಗ್‌ಶುಯಿ ಐಟಂಗೆ ಒಂದು ಗೋಡೆಯೇ ಇದೆ. ಬಾವಲಿ ಒಂದೂ ಮಾರಿಲ್ಲ! ಹೋಗೋದು ಲಾಫಿಂಗ್ ಬುದ್ಧ, ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ, ಕೈ ಆಡಿಸುವ ಬೆಕ್ಕು, ಲಕ್ಕಿ ಬಿದಿರು. ಇಲ್ಲಿ ತಿಳಿದವರು ಇದ್ದೀರಿ, ಕೇಳುತ್ತೇನೆ. ಲಾಫಿಂಗ್ ಬುದ್ಧನನ್ನು ನಾವೇ ದುಡ್ಡು ಕೊಟ್ಟು ತಗೋಬಾರದು, ಯಾರಾದರೂ ಕೊಡಬೇಕು ಅಂತಾರಲ್ಲ. ನಿಜವಾ? ಗಿರಾಕಿಗಳು ದಿನಾ ಕೇಳುತ್ತಾರೆ. ನಾನು ಹೌದು ಅಂತೀನಿ, ಯಾಕಂದರೆ ಇಬ್ಬರು ಗೆಳೆಯರು ಬಂದು ಒಬ್ಬರಿಗೊಬ್ಬರು ಕೊಂಡರೆ ನನಗೆ ಎರಡು ವ್ಯಾಪಾರ.

ಹನ್‌ಜಿ ಹುಡುಗಿ · ಜನವರಿ 13, ಮಧ್ಯಾಹ್ನ 2:10

ನಿಮ್ಮ ಪ್ರಾಮಾಣಿಕತೆಗೆ ನಮಸ್ಕಾರ ಸರ್. ನನ್ನ ಮೇಷ್ಟ್ರನ್ನು ಕೇಳಿದೆ. ಅವರು ಈ ನಿಯಮ ಕೇಳೇ ಇಲ್ಲವಂತೆ, ನಕ್ಕರು.

ಇತಿಹಾಸದ ಹುಚ್ಚ · ಜನವರಿ 13, ಸಂಜೆ 6:48

ಚಿಕ್ಕಪೇಟೆಯವರೇ, ನಿಮ್ಮ ಗೋಡೆ ಮೇಲೆ ನಾಲ್ಕು ದೇಶ ಇವೆ.

ಆ ದಪ್ಪ ಹೊಟ್ಟೆಯವನು ಗೌತಮ ಬುದ್ಧ ಅಲ್ಲ. ಹೆಸರು ಬುದಾಯ್, ಅಂದರೆ ಬಟ್ಟೆ ಚೀಲ. ಹತ್ತನೇ ಶತಮಾನದ ಸುಮಾರಿಗೆ ಝೆಜಿಯಾಂಗ್ ಪ್ರಾಂತ್ಯದ ಫೆಂಗ್‌ಹುವಾದಲ್ಲಿ ಇದ್ದ ಅಲೆಮಾರಿ ಸನ್ಯಾಸಿ ಅಂತ ಹೇಳುತ್ತಾರೆ. ಹೆಗಲ ಮೇಲೆ ಚೀಲ, ಸುತ್ತ ಮಕ್ಕಳು. ಆಮೇಲೆ ಜನ ಅವನನ್ನು ಮುಂದೆ ಬರಲಿರುವ ಮೈತ್ರೇಯ ಬುದ್ಧನ ಅವತಾರ ಅಂದರು. ಚೀನಾದ ಬೌದ್ಧ ದೇವಸ್ಥಾನಗಳಲ್ಲಿ ಮೊದಲ ಮಂಟಪಕ್ಕೆ ಕಾಲಿಟ್ಟರೆ ನಗುತ್ತಾ ಸ್ವಾಗತಿಸುವವನು ಇವನೇ. ಮೈತ್ರೇಯ ನಮ್ಮ ದೇಶದ ಹೆಸರು, ಹೊಟ್ಟೆ ಮಾತ್ರ ಚೀನಾದ್ದು. ನಿಮ್ಮ ಸರಕು ಯಿವೂ ಸಗಟು ಪೇಟೆಯಿಂದ ಬರುತ್ತಾ? ಅದೂ ಝೆಜಿಯಾಂಗ್‌ನಲ್ಲೇ ಇದೆ. ಅಂದರೆ ಬುದಾಯ್ ಇವತ್ತಿಗೂ ತನ್ನ ಪ್ರಾಂತ್ಯದಿಂದಲೇ ಚೀಲ ಹೊತ್ತು ಹೊರಡುತ್ತಾನೆ.

ಬೆಕ್ಕು ಜಪಾನಿನದು. ಚೀನೀ ಹೋಟೆಲ್‌ಗಳ ಕೌಂಟರ್‌ನಲ್ಲಿ ಸೇರಿಕೊಂಡು ಚೀನಾದ್ದಾಗಿದೆ. ಮೂರು ಕಾಲಿನ ಕಪ್ಪೆ ಪಕ್ಕಾ ಚೀನಾದ್ದು, ಲಿಯು ಹಾಯ್ ಅನ್ನುವ ದಾವೋ ಸಿದ್ಧನ ಜೊತೆಗಾರ.

ಅಡಿಕೆ ತೋಟ · ಜನವರಿ 13, ಸಂಜೆ 7:15

ಲಕ್ಕಿ ಬಿದಿರು ಬಿದಿರೇ ಅಲ್ಲ, ಅದು ಡ್ರಸೀನಾ. ಮೂಲ ಮಧ್ಯ ಆಫ್ರಿಕಾದ ಕ್ಯಾಮರೂನ್ ಕಡೆ. ಬಿದಿರು ಹುಲ್ಲಿನ ಜಾತಿ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ನಾಲ್ಕನೇ ದೇಶ ಸಿಕ್ಕಿತಲ್ಲ. ನೀರು ವಾರಕ್ಕೊಮ್ಮೆ ಬದಲಿಸಿ, ನೇರ ಬಿಸಿಲಿಗೆ ಇಡಬೇಡಿ. ಬದುಕಿದರೆ ಅದೇ ಲಕ್ಕು.

ಚಿಕ್ಕಪೇಟೆ ಗಿಫ್ಟ್ · ಜನವರಿ 13, ರಾತ್ರಿ 8:00

ನನ್ನ ಗೋಡೆಯನ್ನು ಒಂದೇ ದಿನದಲ್ಲಿ ಒಡೆದು ಹಾಕಿದಿರಿ. ಪಿಶಿಯು ಬಗ್ಗೆ ಏನೂ ಹೇಳಬೇಡಿ, ಹೊಸದಾಗಿ ಸ್ಟಾಕ್ ತರಿಸಿದ್ದೇನೆ.

ಹನ್‌ಜಿ ಹುಡುಗಿ · ಜನವರಿ 13, ರಾತ್ರಿ 8:22

ಪಿಶಿಯು ಅಸಲಿ ಚೀನಾದ್ದೇ, ಹೆದರಬೇಡಿ. ರೆಕ್ಕೆ ಇರುವ ಸಿಂಹದ ಥರ. ಚಿನ್ನ-ಬೆಳ್ಳಿ ತಿನ್ನುತ್ತದೆ, ಆದರೆ ಹಿಂದುಗಡೆ ದಾರಿಯೇ ಇಲ್ಲ. ಒಳಗೆ ಹೋದ ದುಡ್ಡು ಹೊರಗೆ ಬರಲ್ಲ. ಗಿರಾಕಿಗಳಿಗೆ ಇದನ್ನು ಮರ್ಯಾದೆಯಾಗಿ ಹೇಗೆ ಹೇಳುತ್ತೀರೋ ನೋಡಿಕೊಳ್ಳಿ.

ಕಾಫಿಪುಡಿ · ಜನವರಿ 14, ಬೆಳಗ್ಗೆ 6:30

ಸಿಂಗಾಪುರದಿಂದ. ಇಲ್ಲಿ ಹೊಕ್ಕಿಯೆನ್, ಕ್ಯಾಂಟನೀಸ್, ಟಿಯೋಚ್ಯೂ ಅಂತ ದಕ್ಷಿಣ ಚೀನಾದ ಎಲ್ಲ ಮಾತೂ ಇವೆ, ಹಾಗಾಗಿ ಅದೃಷ್ಟವೂ ಮಾತಿಗೊಂದು. ಹೊಕ್ಕಿಯೆನ್‌ನಲ್ಲಿ ಅನಾನಸ್ 'ಓಂಗ್ ಲಾಯ್', ಸಂಪತ್ತು ಬರಲಿ ಅನ್ನುವ ಹಾಗೆ ಕೇಳುತ್ತದೆ. ಹೊಸ ಮನೆಗೆ ಹೋಗುವಾಗ ಬಾಗಿಲಲ್ಲಿ ಅನಾನಸ್ ಉರುಳಿಸಿ "ಹುವತ್ ಆ!" (ಸಿರಿ ಬರಲಿ!) ಅಂತ ಕೂಗುತ್ತಾರೆ. ಬೀಜಿಂಗ್‌ನವರಿಗೆ ಅನಾನಸ್ ಬರೀ ಹಣ್ಣು.

ಹೊಸ ವರ್ಷಕ್ಕೆ 'ಯೂ ಶೆಂಗ್' ಅಂತ ಇದೆ. ದೊಡ್ಡ ತಟ್ಟೆಯಲ್ಲಿ ತುರಿದ ಮೂಲಂಗಿ, ಕ್ಯಾರೆಟ್, ಕಡಲೆಕಾಯಿ ಪುಡಿ, ಹಸಿ ಮೀನು. ಎಲ್ಲರೂ ಎದ್ದು ನಿಂತು ಚಾಪ್‌ಸ್ಟಿಕ್‌ನಲ್ಲಿ ಎತ್ತಿ ಎತ್ತಿ ಹಾರಿಸಬೇಕು. ಎಷ್ಟು ಎತ್ತರ ಹೋದರೆ ಅಷ್ಟು ಒಳ್ಳೆಯದು. ಸಿಂಗಾಪುರ, ಮಲೇಷ್ಯಾ ಇಬ್ಬರೂ ಇದು ನಮ್ಮದು ಅಂತ ಜಗಳ ಆಡುತ್ತಾರೆ. ನಾನು ಸಸ್ಯಾಹಾರಿ. ಆಫೀಸಿನಲ್ಲಿ ನನಗಾಗಿ ಮೀನಿಲ್ಲದ ತಟ್ಟೆ ತರಿಸಿದರು. "ಮೀನಿಲ್ಲ ಅಂದರೆ ನಿನಗೆ ಈ ವರ್ಷ ಉಳಿತಾಯ ಇಲ್ಲ" ಅಂತ ಮ್ಯಾನೇಜರ್ ಕಾಲೆಳೆದರು. ಬೋನಸ್ ವಿಷಯದಲ್ಲಿ ಅವರ ಮಾತೇ ನಿಜವಾಯಿತು.

ಗುವಾಂಗ್‌ಝೌ ಗೌಡ · ಜನವರಿ 14, ಸಂಜೆ 7:50

ಎಲ್ಲರಿಗೂ ಧನ್ಯವಾದ. ಇವತ್ತು ಗೆಳೆಯನ ಹತ್ತಿರ ಕೂತು ಕೇಳಿದೆ. ಕ್ಯಾಂಟನೀಸ್‌ನವರು ಇನ್ನೂ ಒಂದು ಕೈ ಮೇಲೆ. ಕೆಟ್ಟ ಶಬ್ದ ಕೇಳಿಸಿದರೆ ಅವರು ಪದವನ್ನೇ ಬದಲಾಯಿಸಿಬಿಡುತ್ತಾರೆ!

ಇಲ್ಲಿನ ಮಾಂಸದಂಗಡಿಯಲ್ಲಿ ಹಂದಿ ನಾಲಿಗೆಗೆ ನಾಲಿಗೆ ಅನ್ನಲ್ಲ. ಆ ಶಬ್ದ ನಷ್ಟ ಅನ್ನುವ ಹಾಗೆ ಕೇಳುತ್ತದೆ. ಅದಕ್ಕೆ 'ಲೇ' ಅಂತ ಹೊಸ ಹೆಸರು, ಲಾಭ ಅನ್ನುವ ಹಾಗೆ ಕೇಳಲಿ ಅಂತ. ಯಕೃತ್ತಿನ ಹೆಸರು ಒಣಗಿದ್ದು ಅನ್ನುವ ಹಾಗೆ ಇದೆ, ಕೈ ಒಣಗಿದರೆ ದುಡ್ಡಿಲ್ಲ ಅಂತ. ಹಾಗಾಗಿ ಅದಕ್ಕೆ 'ತೇವ' ಅನ್ನುವ ಅರ್ಥದ ಹೆಸರು. ಬಾಡಿಗೆಗೆ ಖಾಲಿ ಮನೆ ಅನ್ನುವ ಬೋರ್ಡಿನಲ್ಲಿ ಖಾಲಿ ಅಂತ ಬರೆಯಲ್ಲ, ಅದು ಅಪಶಕುನ ಅನ್ನುವ ಶಬ್ದಕ್ಕೆ ಹತ್ತಿರ. 'ಗಾತ್ ಉಕ್', ಶುಭದ ಮನೆ ಅಂತ ಬರೆಯುತ್ತಾರೆ. ಏಳು ತಿಂಗಳ ಹಿಂದೆ ಬ್ರೋಕರ್ ನನಗೆ ಇಂಥದ್ದೇ ಒಂದು ಮನೆ ತೋರಿಸಿದ್ದ. ಇದೇನು ವಿಶೇಷ ಮನೆ ಅಂತ ಜಾಸ್ತಿ ಬಾಡಿಗೆಗೆ ಒಪ್ಪಿಕೊಂಡಿದ್ದೆ. ಬರೀ ಖಾಲಿ ಮನೆ ಮಾರಾಯ್ರೇ.

ಅಡಿಕೆ ತೋಟ · ಜನವರಿ 14, ರಾತ್ರಿ 8:05

ನಮ್ಮ ಅಮ್ಮ ದೀಪ ಆರಿಸು ಅನ್ನಲ್ಲ, ದೀಪ ದೊಡ್ಡದು ಮಾಡು ಅಂತಾರೆ. ಬಳೆ ಒಡೆಯಿತು ಅನ್ನಲ್ಲ, ಹೆಚ್ಚಿತು ಅಂತಾರೆ. ಅಕ್ಕಿ ಡಬ್ಬ ಖಾಲಿಯಾದರೆ ಅಕ್ಕಿ ತುಂಬಿದೆ! ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿಗೆ ಗೊತ್ತಾಗದೆ ಮೂರು ದಿನ ಅಕ್ಕಿ ತರಲೇ ಇಲ್ಲ. ನಿಮ್ಮ ಬ್ರೋಕರ್ ಕಥೆಯೂ ಅದೇ.

ಅನುಮಾನಪ್ಪ · ಜನವರಿ 15, ಬೆಳಗ್ಗೆ 9:12

ನಗು ಬರುತ್ತದೆ, ಒಪ್ಪುತ್ತೇನೆ. ಆದರೆ ನಿಜವಾಗಿ ಇದನ್ನು ನಂಬಿ ಜನ ದುಡ್ಡು ಸುರಿಯುತ್ತಾರಾ? ಅಥವಾ ನಮ್ಮ ನಿಂಬೆಹಣ್ಣು-ಮೆಣಸಿನಕಾಯಿ ಥರ, ಇರಲಿ ಬಿಡು ಅಂತ ಕಟ್ಟಿಕೊಳ್ಳೋದಾ?

ಇತಿಹಾಸದ ಹುಚ್ಚ · ಜನವರಿ 15, ಬೆಳಗ್ಗೆ 11:40

ಸುರಿಯುತ್ತಾರೆ. 8 ಅನ್ನು ಕ್ಯಾಂಟನೀಸ್‌ನಲ್ಲಿ 'ಬಾತ್' ಅಂತಾರೆ, ದುಡ್ಡು ಮಾಡು ಅನ್ನುವುದಕ್ಕೆ 'ಫಾತ್'. 2003ರಲ್ಲಿ ಚೆಂಗ್ಡುವಿನಲ್ಲಿ 8888-8888 ಅನ್ನುವ ಫೋನ್ ನಂಬರನ್ನು ಸಿಚುವಾನ್ ಏರ್‌ಲೈನ್ಸ್ 23.3 ಲಕ್ಷ ಯುವಾನ್ ಕೊಟ್ಟು ಕೊಂಡಿತು. 2008ರ ಬೀಜಿಂಗ್ ಒಲಿಂಪಿಕ್ಸ್ ಶುರುವಾಗಿದ್ದು ಎಂಟನೇ ತಿಂಗಳ ಎಂಟನೇ ತಾರೀಕು, ರಾತ್ರಿ 8 ಗಂಟೆಗೆ. ಅದೇ ವರ್ಷ ಹಾಂಗ್‌ಕಾಂಗ್‌ನಲ್ಲಿ '18' ಅನ್ನುವ ಕಾರ್ ನಂಬರ್ ಪ್ಲೇಟ್ 1.65 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೆ ಹರಾಜಾಯಿತು. 2009ರಲ್ಲಿ ಅಲ್ಲಿನ ಕಾಂಡ್ಯೂಟ್ ರೋಡ್‌ನ ಒಂದು ಕಟ್ಟಡ ಸುದ್ದಿಯಾಯಿತು. 39ನೇ ಮಹಡಿ ಆದಮೇಲೆ ಸೀದಾ 60. 68 ಆದಮೇಲೆ 88. ಗೌಡರ ಲಿಫ್ಟ್‌ನಲ್ಲಿ 4 ಒಂದೇ ಕಾಣೆ, ಪುಣ್ಯವಂತರು.

ಗಮನಿಸಿ, 8ರ ಈ ಹುಚ್ಚು ಗುವಾಂಗ್‌ಡಾಂಗ್ ಮತ್ತು ಹಾಂಗ್‌ಕಾಂಗ್‌ನದು. ಮ್ಯಾಂಡರಿನ್‌ನಲ್ಲೂ 8 'ಬಾ', ದುಡ್ಡು ಮಾಡು 'ಫಾ', ಪ್ರಾಸ ಕೂಡುತ್ತದೆ. 1980ರ ದಶಕದಲ್ಲಿ ವ್ಯಾಪಾರ ತೆರೆದುಕೊಂಡಾಗ ಹಾಂಗ್‌ಕಾಂಗ್ ದುಡ್ಡಿನ ಜೊತೆ 8 ಕೂಡ ಉತ್ತರಕ್ಕೆ ಹೋಯಿತು. ಅದಕ್ಕೂ ಮುಂಚೆ, 1966ರಲ್ಲಿ ಮಾವೋನ ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ, 'ನಾಲ್ಕು ಹಳೆಯವು' (ಹಳೆಯ ವಿಚಾರ, ಸಂಸ್ಕೃತಿ, ಪದ್ಧತಿ, ರೂಢಿ) ನಾಶವಾಗಲಿ ಅಂತ ಕೆಂಪು ದಳದ ಹುಡುಗರು ಇಂಥ ಗುರುತುಗಳನ್ನೆಲ್ಲ ಒಡೆದು ಸುಟ್ಟಿದ್ದರು. ಶಬ್ದವನ್ನು ಸುಡುವುದು ಹೇಗೆ? ಮೀನನ್ನು 'ಯೂ' ಅಂತ ಕರೆಯುವ ತನಕ ಅದರ ಪಕ್ಕದ 'ಯೂ' ಅಲ್ಲೇ ಇರುತ್ತದೆ.

ಇನ್ನು ಮಕ್ಕಳ ವಿಷಯ. ಡ್ರ್ಯಾಗನ್ ವರ್ಷದಲ್ಲಿ ಹುಟ್ಟಿದರೆ ಒಳ್ಳೆಯದು ಅಂತ ನಂಬಿಕೆ. ಚೀನಾದಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ ವರ್ಷಾವರ್ಷ ಇಳಿಯುತ್ತಿತ್ತು. 2023ರಲ್ಲಿ 90.2 ಲಕ್ಷ. 2024 ಡ್ರ್ಯಾಗನ್ ವರ್ಷ, 95.4 ಲಕ್ಷಕ್ಕೆ ಏರಿತು. ಕೋವಿಡ್ ಮುಗಿದ ಮೇಲೆ ಮದುವೆ ಜಾಸ್ತಿ ಆದದ್ದೂ ಒಂದು ಕಾರಣ, ಡ್ರ್ಯಾಗನ್ ಒಬ್ಬನಿಗೇ ಶ್ರೇಯಸ್ಸು ಕೊಡಬೇಡಿ.

ಇನ್ನೊಂದು ಮರೆತೆ. ಕಾರುಗಳಲ್ಲಿ ನೇತುಹಾಕುವ ಕೆಂಪು ದಾರದ ಗಂಟು ಇದೆಯಲ್ಲ, ಶುರುವೂ ಕೊನೆಯೂ ಕಾಣದ್ದು, ಆ ವಿನ್ಯಾಸ ಬೌದ್ಧರ ಅಷ್ಟಮಂಗಲದ್ದು. ಶಂಖ, ಛತ್ರಿ, ತಾವರೆ, ಕಲಶ, ಜೋಡಿ ಮೀನು, ಚಕ್ರ, ಧ್ವಜ, ಗಂಟು. ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ಮಠಕ್ಕೆ ಹೋದವರು ಇದೇ ಎಂಟನ್ನು ನೋಡಿರುತ್ತೀರಿ. ಭಾರತದಿಂದ ಹೊರಟು ಒಂದು ದಾರಿ ಟಿಬೆಟ್‌ಗೆ, ಒಂದು ದಾರಿ ಚೀನಾಗೆ. ಸ್ವಸ್ತಿಕವೂ ಹಾಗೇ ಹೋಯಿತು. 693ರಲ್ಲಿ ಮಹಾರಾಣಿ ವೂ ಝೆತಿಯೆನ್ ಅದನ್ನು 'ವಾನ್' ಅಂತ ಓದಬೇಕು ಅಂದಳು, ಅಂದರೆ ಹತ್ತು ಸಾವಿರ. ನೋಡಿ, ನಮ್ಮ ಚಿಹ್ನೆಗೂ ಒಂದು ಶಬ್ದ ಕೊಟ್ಟ ಮೇಲೇ ಅವರಿಗೆ ಸಮಾಧಾನ.

ಗುವಾಂಗ್‌ಝೌ ಗೌಡ · ಫೆಬ್ರವರಿ 9, ರಾತ್ರಿ 9:15

ಮತ್ತೆ ಬಂದೆ, ಸಹಾಯ ಬೇಕು. ಫೆಬ್ರವರಿ 17ಕ್ಕೆ ಇಲ್ಲಿ ಹೊಸ ವರ್ಷ. ಅದೇ ಗೆಳೆಯ ಅದೇ ಮನೆಗೆ ಕರೆದಿದ್ದಾನೆ, ನಾಲ್ಕನೇ ದಿನ. ಮೂರನೇ ದಿನ ಯಾರ ಮನೆಗೂ ಹೋಗಬಾರದಂತೆ, ಜಗಳ ಆಗುತ್ತದಂತೆ. 4 ಅಂದರೆ ಸಾವು, ಆದರೆ ನಾಲ್ಕನೇ ದಿನ ಪರವಾಗಿಲ್ಲವಂತೆ. ತಲೆ ತಿರುಗುತ್ತಿದೆ.

ಏನು ತಗೊಂಡು ಹೋಗಲಿ? ಅವನ ಮಗಳಿಗೆ ಕವರಿನಲ್ಲಿ 101 ಯುವಾನ್ ಇಡೋಣ ಅಂತಿದ್ದೇನೆ.

ಕಾಫಿಪುಡಿ · ಫೆಬ್ರವರಿ 9, ರಾತ್ರಿ 9:21

ನಿಲ್ಲಿ!! 101 ಬೇಡವೇ ಬೇಡ. ನಾವು ಒಂದು ರೂಪಾಯಿ ಸೇರಿಸೋದು ಮುಂದುವರಿಯಲಿ ಅಂತ. ಇವರಲ್ಲಿ ಬೆಸ ಮೊತ್ತ ಕೊಡೋದು ಸಾವಿನ ಮನೆಗೆ. ಹಾಂಗ್‌ಕಾಂಗ್‌ನಲ್ಲಿ ಬಿಳಿ ಕವರಿನಲ್ಲಿ ಇಡೋದು ಸರಿಯಾಗಿ ಆ 101, 501. ನೀವು ಗಡಿಯಾರದ ಮೇಲೆ ಇದನ್ನೂ ಕೊಟ್ಟರೆ ಅಜ್ಜಿ ಪೊಲೀಸರನ್ನು ಕರೆಯುತ್ತಾರೆ.

ಕೆಂಪು ಕವರ್, ಸಮ ಸಂಖ್ಯೆ, 4 ಬೇಡ, ಹೊಸ ನೋಟು. ಗುವಾಂಗ್‌ಡಾಂಗ್‌ನಲ್ಲಿ ದೊಡ್ಡ ಮೊತ್ತ ಬೇಕಿಲ್ಲ. ಅಲ್ಲಿ ಹತ್ತು-ಇಪ್ಪತ್ತು ಯುವಾನ್ ಇಟ್ಟು ಸಿಕ್ಕವರಿಗೆಲ್ಲ ಹಂಚುತ್ತಾರೆ, ವಾಚ್‌ಮನ್‌ಗೂ ಸೇರಿ. ಕಿತ್ತಳೆ ಜೋಡಿ ಜೋಡಿಯಾಗಿ ತಗೊಂಡು ಹೋಗಿ, ಎರಡೂ ಕೈಯಲ್ಲಿ ಕೊಡಿ. ಅಂದಹಾಗೆ ನಿಮಗೆ ಮದುವೆ ಆಗಿದೆಯಾ? ಆಗದಿದ್ದರೆ ನೀವು ಕೊಡೋದೇ ಬೇಡ, ಅವರೇ ನಿಮಗೆ ಕೊಡುತ್ತಾರೆ.

ಗುವಾಂಗ್‌ಝೌ ಗೌಡ · ಫೆಬ್ರವರಿ 9, ರಾತ್ರಿ 9:24

34 ವರ್ಷ. ಆಗಿಲ್ಲ. ನಮ್ಮಮ್ಮನೂ ದಿನಾ ಇದನ್ನೇ ಕೇಳುತ್ತಾರೆ.

ಹನ್‌ಜಿ ಹುಡುಗಿ · ಫೆಬ್ರವರಿ 9, ರಾತ್ರಿ 9:50

ಹಾಗಾದರೆ ಹೂವಿನ ಸಂತೆಗೆ ಹೋಗಿ ಪೀಚ್ ಹೂವಿನ ಕೊಂಬೆ ತಗೊಳ್ಳಿ. ಮದುವೆಯಾಗದವರಿಗೆ ಅದೇ ಔಷಧಿ.

ಬೇಡದ ಉಡುಗೊರೆ: ಛತ್ರಿ (ಚದುರುವುದು), ಪೇರ್ ಹಣ್ಣು (ಹಂಚಿಕೊಂಡರೆ ಅಗಲಿಕೆ), ಬೂಟು, ಹಸಿರು ಟೋಪಿ. ಕೊನೆಯದರ ಅರ್ಥ ಇಲ್ಲಿ ಬರೆಯಲ್ಲ, ಹೆಂಡತಿ ಇರುವವರಿಗೆ ಕೊಡಬೇಡಿ ಅಷ್ಟೇ. ಅಲ್ಲಿ ತಟ್ಟೆಗಿಟ್ಟೆ ಒಡೆದರೆ ತಕ್ಷಣ "ಸುಯ್ ಸುಯ್ ಪಿಂಗ್ ಆನ್" ಅನ್ನಿ. ಚೂರಾಗುವುದೂ 'ಸುಯ್', ವರ್ಷವೂ 'ಸುಯ್'. ವರ್ಷ ವರ್ಷವೂ ನೆಮ್ಮದಿ.

ಈ ಸಲ ಕುದುರೆ ವರ್ಷ. 'ಮಾ ಶಾಂಗ್' ಅಂದರೆ ಕುದುರೆ ಮೇಲೆ, ಹಾಗೇ 'ಈಗಲೇ, ತಕ್ಷಣ' ಅಂತಲೂ ಅರ್ಥ. ಹಿಂದಿನ ಕುದುರೆ ವರ್ಷ 2014ರಲ್ಲಿ ಜನ ಆಟದ ಕುದುರೆ ಬೆನ್ನ ಮೇಲೆ ನೋಟಿಟ್ಟು ಫೋಟೋ ಹಾಕುತ್ತಿದ್ದರು. ತಕ್ಷಣ ದುಡ್ಡು! ಕಾರಿಟ್ಟರೆ ತಕ್ಷಣ ಕಾರು. ಎರಡು ಗೊಂಬೆ ಇಟ್ಟರೆ ತಕ್ಷಣ ಜೋಡಿ. ಗೌಡರೇ, ನಿಮಗೆ ಮೂರನೆಯದು.

ಗುವಾಂಗ್‌ಝೌ ಗೌಡ · ಫೆಬ್ರವರಿ 21, ಬೆಳಗ್ಗೆ 10:30

ಹೋಗಿ ಬಂದೆ.

ಎಂಟು ಕಿತ್ತಳೆ, ಎರಡು ಕೈ, ಎಲ್ಲ ಸರಿಯಾಯಿತು. ಬಾಗಿಲ ಪಕ್ಕ ಕುಂಡದಲ್ಲಿ ಪುಟ್ಟ ಕಿತ್ತಳೆ ಗಿಡ, ಪಕ್ಕದಲ್ಲಿ ಹಳದಿ ಬಣ್ಣದ ಮೊಲೆತೊಟ್ಟಿನಂಥ ಕಾಯಿ ಬಿಟ್ಟ ಕಡ್ಡಿ. ಅದಕ್ಕೆ 'ಐದು ತಲೆಮಾರು ಒಂದೇ ಸೂರಿನಡಿ' ಅಂತ ಹೆಸರಂತೆ. ಅಡಿಕೆ ತೋಟದವರೇ, ಅದು ಬದನೆಯ ನೆಂಟ, ಹುಡುಕಿ ನೋಡಿದೆ. ಗೆಳೆಯ 1990ರ ಕುದುರೆ. ತನ್ನದೇ ಪ್ರಾಣಿಯ ವರ್ಷ ಬಂದರೆ ಗ್ರಹಚಾರವಂತೆ. ಅದಕ್ಕೆ ಕೆಂಪು ಕಾಲುಚೀಲ ಹಾಕಿದ್ದ. ಒಳಗಿನದೂ ಕೆಂಪೇ, ಅಮ್ಮ ಒಂದು ಡಜನ್ ತಂದಿದ್ದಾರೆ ಅಂತ ಅವನ ಹೆಂಡತಿ ಎಲ್ಲರ ಎದುರು ಹೇಳಿಬಿಟ್ಟಳು.

ಊಟ ಮುಗಿಯುವ ಹೊತ್ತಿಗೆ ನಾನು ಸಹಾಯ ಮಾಡುತ್ತೇನೆ ಅಂತ ಬಟ್ಟಲು ಎತ್ತಿದೆ. ಕೈ ಜಿಡ್ಡಾಗಿತ್ತು. ಬಟ್ಟಲು ಜಾರಿ ನೆಲಕ್ಕೆ ಬಿದ್ದು ಚೂರು ಚೂರು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನನಗೆ ಹನ್‌ಜಿಯವರ ಪಾಠ ನೆನಪಿತ್ತು. ಬಾಯಿ ತೆರೆದೆ, "ಸುಯ್..." ಅನ್ನುವಷ್ಟರಲ್ಲಿ ಅಜ್ಜಿ ಟಪಕ್ಕನೆ "ಲೋಕ್ ದೇಯ್ ಹೋಯ್ ಫಾ, ಫು ಗ್ವಾಯ್ ವಿಂಗ್ ವಾ!" ಅಂದರು. ನೆಲಕ್ಕೆ ಬಿದ್ದು ಹೂವಾಗಿ ಅರಳಿತು, ಸಿರಿ ಸಂಪತ್ತು ಬಂತು ಅಂತ. ಕ್ಯಾಂಟನೀಸ್‌ನವರದ್ದು ಬೇರೆ ಮಂತ್ರ! ನಾನು ಶುರು ಮಾಡಿದ್ದನ್ನು ಮುಗಿಸಲೇಬೇಕಲ್ಲ, ಪೂರ್ತಿ ಹೇಳಿದೆ. ನನ್ನ ಉಚ್ಚಾರಕ್ಕೆ ಮನೆಯೆಲ್ಲ ನಕ್ಕಿತು. ಅಜ್ಜಿ ಕಣ್ಣು ಒರೆಸಿಕೊಂಡು, ಜೇಬಿನಿಂದ ಕೆಂಪು ಕವರ್ ತೆಗೆದು ನನ್ನ ಅಂಗಿ ಜೇಬಿಗೆ ತುರುಕಿದರು. ಇಪ್ಪತ್ತು ಯುವಾನ್. ಮದುವೆಯಾಗದವನಿಗೆ.

ಚೂರುಗಳನ್ನು ಗುಡಿಸಲು ಬಿಡಲಿಲ್ಲ. ಕೆಂಪು ಕಾಗದದಲ್ಲಿ ಸುತ್ತಿ ಒಂದು ಕಡೆ ಇಟ್ಟರು.

ಅನುಮಾನಪ್ಪ · ಫೆಬ್ರವರಿ 21, ಬೆಳಗ್ಗೆ 10:44

ಗಡಿಯಾರ ಏನಾಯಿತು?

ಗುವಾಂಗ್‌ಝೌ ಗೌಡ · ಫೆಬ್ರವರಿ 21, ಬೆಳಗ್ಗೆ 10:51

ಅಡುಗೆಮನೆಯಲ್ಲಿ ನೇತುಹಾಕಿದ್ದಾರೆ. ಐದು ನಿಮಿಷ ಮುಂದಿದೆ, ಥೇಟ್ ನಮ್ಮ ಮನೆ ಥರ.